ಬಾಯಿಯ ಸೂಕ್ಷ್ಮಜೀವಿಗಳೂ ಹಲ್ಲು ಒಸಡುಗಳ ರೋಗಗಳೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಉಪನ್ಯಾಸ)

 

ನಿನ್ನೆಯಿಂದ ಈ ವೇದಿಕೆಯ ಮೇಲೆ ಷಟ್‌ಸ್ಥಲದ ವಿಚಾರ, ದಾಸೋಹದ ವಿಚಾರ, ಕಲ್ಯಾಣದ ಶರಣರ ಚರಿತ್ರೆ ಇವೇ ಮೊದಲಾದ ಗಹನ ವಿಷಯಗಳು ವಿದ್ವಾಂಸರಿಂದ ಪ್ರತಿಪಾದಿತವಾಗಿವೆ. ಅವರು ಇಳಿದ ವೇದಿಕೆಯನ್ನೇರಿ ಹಲ್ಲಿನ ಮಾತನ್ನೆತ್ತುವುದು ಔಚಿತ್ಯವಾದೀತೇ ಎಂದು ನಾನು ಶ್ರೀಗಳವರಲ್ಲಿ ಬಿನ್ನವಿಸಿಕೊಂಡೆನು. ಪ್ರಸಾದವು ಯಾವ ದ್ವಾರದಿಂದ ಒಳಹೋಗುವುದೋ ಆ ದ್ವಾರದ ಶುಚಿತ್ವವು ಮಠಕ್ಕೆ ಹೊರತಾದ ವಿಷಯವಲ್ಲವೆಂದು ಅಪ್ಪಣೆಯಾಯಿತು. ಆ ಧೈರ್ಯದಿಂದ ನಿಂತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ನಿವೇದಿಸಬೇಕಾಗಿದೆ. ನಾನು ಬೀದರದಲ್ಲಿ ವೃತ್ತಿಯನ್ನಾರಂಭಿಸಿದ ಹೊಸತರಲ್ಲಿ ಔರಾದ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಬಂದಳು. ಮಗನು ಜೊತೆಗಿದ್ದನು. ಅವಳ ಬೇಡಿಕೆ ಬಹಳ ಸಣ್ಣದು: ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೊಡನೆ ಕುಳಿತು ಭಜ್ಜಿಯ ಸಂಗಡ ಜೋಳದ ರೊಟ್ಟಿಯನ್ನು ಕಚ್ಚಿ ತಿನ್ನಬೇಕು, ಅಂಬಲಿಯೊಂದನ್ನೇ ಕುಡಿದು ಕುಳ್ಳಿರಲಾರೆ ಎಂಬುದು. ಬಾಯಿ ತೆರೆಸಿ ನೋಡಿದೆನು. ಒಂದು ಹಲ್ಲೂ ಹುಳುಕಾಗಿರಲಿಲ್ಲ. ಆದರೆ ಎಲ್ಲ ಹಲ್ಲುಗಳೂ ಹಸಿ ಮಣ್ಣಿನಲ್ಲಿ ನೆಟ್ಟ ಗೂಟಗಳಂತೆ ಬೆರಳು ತಾಗಿದರೆ ಅಲುಗಾಡುತ್ತಿದ್ದವು. ಒಸಡನ್ನು ಒತ್ತಿದರೆ ಕೀವು ಬರುತ್ತಿತ್ತು. ವಯಸ್ಸಾಯಿತು, ಹಲ್ಲು ಬಿದ್ದೇ ಬೀಳುತ್ತವೆ ಎಂದು ಅವಳೂ ಹೇಳಿದಳು, ಮಗನೂ ಹೇಳಿದನು, ನಾನೂ ತಲೆಯಾಡಿಸಿದೆನು. ಮೂರು ವಾರಗಳಲ್ಲಿ ಎಲ್ಲವನ್ನೂ ಕಿತ್ತೆನು. ಚೀಟಿಯಲ್ಲಿ ಬರೆದ ವಯಸ್ಸನ್ನು ಕಡೆಯ ದಿನ ಓದಿದಾಗ ಅದು ನಾಲ್ವತ್ತೆಂಟೆಂದು ಕಂಡಿತು. ಅವಳ ಸೆರಗಿನ ಗಂಟಿನಲ್ಲಿ ಮಿಶ್ರಿಯ ಡಬ್ಬಿಯೊಂದಿತ್ತು. ಅದನ್ನು ನಾನು ಮೊದಲ ದಿನವೇ ಕಂಡಿದ್ದೆನು, ಏನೆಂದು ಕೇಳಿರಲಿಲ್ಲ. ಅವಳ ಜೊತೆಗೆ ಬಂದ ಮಗನ ಒಸಡಿನಲ್ಲಿಯೂ ಅದೇ ರೋಗವು ಮೊಳೆಯುತ್ತಿದ್ದಿರಬೇಕು. ಅವನ ಬಾಯಿಯನ್ನು ನಾನು ನೋಡಲೇ ಇಲ್ಲ.

ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ: ಹಲ್ಲು ಬೀಳುವುದು ವಯೋಧರ್ಮವಲ್ಲ, ವಿಧಿಯೂ ಅಲ್ಲ. ಅದು ನಮ್ಮ ಬಾಯಿಯಲ್ಲಿ ನಾವೇ ಅನ್ನವಿಕ್ಕಿ ಸಾಕುವ ಜೀವರಾಶಿಯ ಕೆಲಸ. ಬಹುಮಟ್ಟಿಗೆ ನಿಲ್ಲಿಸಲು ಬರುವಂಥ ಕೆಲಸ.

ಹುಳುಕು ಹಲ್ಲು ಎಂದು ನಾವು ಕನ್ನಡದಲ್ಲಿ ಹೇಳುತ್ತೇವಷ್ಟೆ. ಆ ಮಾತಿನೊಳಗೆ ಹುಳು ಕುಳಿತಿದೆ. ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು 65 ಎಂದು ಎಣಿಸಿ, ಅವುಗಳಲ್ಲಿ ಒಂದಕ್ಕೆ ಕ್ರಿಮಿದಂತಕವೆಂದು ಹೆಸರಿಟ್ಟಿದೆ. ಹಲ್ಲಿನಲ್ಲಿ ಹುಳುವಿದೆಯೆಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಪುರಾತನ ಬಾಬಿಲೋನಿನಲ್ಲಿಯೂ ಇತ್ತು. ಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಅದರ ಹೊಗೆಯನ್ನು ಬಾಯಿಗೆ ಹಿಡಿಸಿ, ಬಟ್ಟಲಲ್ಲಿ ಬಿದ್ದ ಬಿಳಿಯ ಎಳೆಗಳನ್ನು ತೋರಿಸಿ, ನೋಡು ಹುಳು ಬಿತ್ತು ಎನ್ನುವ ವೈದ್ಯವನ್ನು ಹಿರಿಯರು ಬಲ್ಲರು. ಆ ಎಳೆಗಳು ಬೆಂಕಿಗೆ ಸಿಡಿದ ಬೀಜದೊಳಗಿನ ಮೊಳಕೆಗಳೇ ಹೊರತು ಹುಳುಗಳಲ್ಲ. ಫ್ರಾನ್ಸಿನ ಪಿಯೆರ್ ಫೋಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ತಾನು ಹುಡುಕಿದರೂ ಅಂಥ ಹುಳುವನ್ನು ಕಾಣಲಿಲ್ಲವೆಂದು ಸ್ಪಷ್ಟವಾಗಿ ಹೇಳಿದನು. ಆದರೂ ನಮ್ಮ ಪೂರ್ವಿಕರ ಊಹೆಯನ್ನು ಪೂರಾ ಹಾಸ್ಯಮಾಡಲಾಗದು. ಹಲ್ಲನ್ನು ತಿನ್ನುವ ಜೀವಿ ಇರುವುದು ನಿಜ. ಅದು ಕಣ್ಣಿಗೆ ಕಾಣುವ ಗಾತ್ರದ್ದಲ್ಲ, ಬಾಯಿಟ್ಟು ಕೊರೆಯುವಂಥದೂ ಅಲ್ಲ, ಅಷ್ಟೇ ಭೇದ.

ಅದನ್ನು ಮೊದಲು ಕಣ್ಣಾರೆ ಕಂಡವನು ವೈದ್ಯನಲ್ಲ, ಬಟ್ಟೆಯ ವ್ಯಾಪಾರಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೀವನ್‌ಹುಕ್ ಎಂಬಾತನು ತಾನೇ ಗಾಜನ್ನು ಉಜ್ಜಿ ಸೂಕ್ಷ್ಮದರ್ಶಕಗಳನ್ನು ಮಾಡಿಕೊಳ್ಳುತ್ತಿದ್ದನು. ಆತನು ದಿನವೂ ಉಪ್ಪಿನಿಂದ ಹಲ್ಲುಜ್ಜುವ ಶುಚಿವಂತ. ಹಾಗಿದ್ದರೂ ಹಲ್ಲುಗಳ ಸಂದಿಯಲ್ಲಿ ಹಿಟ್ಟಿನಂತೆ ಬೆಳ್ಳಗೆ ಕೂಡಿದ ಪದಾರ್ಥವನ್ನು ತೆಗೆದು ಶುದ್ಧವಾದ ಮಳೆಯ ನೀರಿನಲ್ಲಿ ಕದಡಿ ನೋಡಲು, ಅದರಲ್ಲಿ ಅಸಂಖ್ಯ ಜೀವಿಗಳು ಚಲಿಸುತ್ತಿದ್ದವು. ಒಂದು ರಾಜ್ಯದ ಜನಸಂಖ್ಯೆಗಿಂತಲೂ ಒಬ್ಬ ಮನುಷ್ಯನ ಹಲ್ಲಿನ ಮೇಲಿನ ಜೀವಿಗಳ ಸಂಖ್ಯೆ ಹೆಚ್ಚೆಂಬ ಅರ್ಥದ ಮಾತನ್ನು ಆತನು 1683ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದನು. ಬಾಯಿಯಲ್ಲಿ ವಾಸಿಸಬಲ್ಲ ಈ ಜೀವಿಗಳ ಜಾತಿಗಳು ಏಳುನೂರರಷ್ಟು ಇವೆಯೆಂದು ಈಗ ಲೆಕ್ಕವಾಗಿದೆ. ಅವುಗಳಲ್ಲಿ ಬಹಳಷ್ಟು ನಿರುಪದ್ರವಿಗಳು. ಕೆಲವು ನಮಗೆ ಸಹಾಯವನ್ನೇ ಮಾಡತಕ್ಕವು. ಆದುದರಿಂದ ಬಾಯಿಯನ್ನು ಜೀವಿಗಳಿಲ್ಲದಂತೆ ಮಾಡುವೆನೆಂದು ಹೊರಡುವುದು ಊರಿನಲ್ಲಿ ಒಬ್ಬ ಕಳ್ಳನಿದ್ದಾನೆಂದು ಊರನ್ನೇ ಸುಡಲು ಹೊರಟಂತೆ. ಯಾವುದಕ್ಕೆ ಎಷ್ಟು ಅನ್ನ ಸಿಕ್ಕಿ ಯಾವುದು ಬಲಿಯುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ.

ಲೀವನ್‌ಹುಕನು ಜೀವಿಗಳನ್ನು ಕಂಡನಾದರೂ ಅವಕ್ಕೂ ಹುಳುಕಿಗೂ ಇರುವ ಸಂಬಂಧ ತಿಳಿಯಲು ಮತ್ತೆ ಇನ್ನೂರು ವರುಷ ಹಿಡಿಯಿತು. ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯನು ಬರ್ಲಿನ್ನಿನಲ್ಲಿ, ಕ್ಷಯದ ರೋಗಾಣುವನ್ನು ಕಂಡುಹಿಡಿದ ಕೋಖ್ ಮಹಾಶಯನ ಪ್ರಯೋಗಶಾಲೆಯಲ್ಲಿ ದುಡಿದನು. ಕಿತ್ತ ಹಲ್ಲನ್ನು ಜೊಲ್ಲಿನಲ್ಲಿಟ್ಟು, ಅದಕ್ಕೆ ರೊಟ್ಟಿಯ ತುಣುಕನ್ನೋ ಸಕ್ಕರೆಯನ್ನೋ ಬೆರೆಸಿ, ದೇಹದ ಶಾಖದಲ್ಲಿ ಕಾಪಾಡಲು, ಜೊಲ್ಲಿನ ಜೀವಿಗಳು ಆ ಆಹಾರವನ್ನು ಹುಳಿಸಿ ಆಮ್ಲವನ್ನು ಹುಟ್ಟಿಸಿದವು. ಆ ಆಮ್ಲದಲ್ಲಿ ಹಲ್ಲಿನ ಸುಣ್ಣ ಕರಗಿತು. ಈ ಸಂಗತಿಗಳನ್ನೆಲ್ಲ ಆತನು 1890ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಜೀವಿಯು ಹಲ್ಲನ್ನು ತಿನ್ನುವುದಿಲ್ಲ. ನಮ್ಮ ಊಟದ ಶೇಷವನ್ನು ತಿಂದು, ಹುಳಿಯನ್ನು ವಿಸರ್ಜಿಸುತ್ತದೆ. ಹಲ್ಲನ್ನು ತಿನ್ನುವುದು ಆ ಹುಳಿ. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಎಂಬಾತನು ಹುಳುಕಿನ ಗುಳಿಗಳಿಂದ ಸರಪಳಿಯಾಕಾರದ ಒಂದು ಜೀವಿಯನ್ನು ಬೇರ್ಪಡಿಸಿ ಅದಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್ ಎಂದು ನಾಮಕರಣ ಮಾಡಿದನು. ಅದರ ವಿಶೇಷವೇನೆಂದರೆ, ಅದು ಸಕ್ಕರೆಯಿಂದ ಹುಳಿಯನ್ನಲ್ಲದೆ ಒಂದು ಬಗೆಯ ಅಂಟನ್ನೂ ತಯಾರಿಸಿಕೊಳ್ಳಬಲ್ಲದು. ಆ ಅಂಟಿನಿಂದ ತಾನೂ ತನ್ನ ನೆರೆಯವರೂ ನುಣುಪಾದ ಹಲ್ಲಿಗೆ ಬಲವಾಗಿ ಕಚ್ಚಿಕೊಳ್ಳುವರು. ಹಲ್ಲಿನ ಮೇಲಿನ ಪಾಚಿಯೆಂದು ನಾವು ಕರೆಯುವುದು ಇದನ್ನೇ.

ಒಬ್ಬನೇ ಅಪರಾಧಿಯೆಂದು ಅದರ ಮೇಲೆ ಎಲ್ಲ ದೋಷವನ್ನು ಹೊರಿಸುವುದು ಈಗ ವಿದ್ವಾಂಸರಿಗೆ ಸಮ್ಮತವಲ್ಲ. ಹುಳಿಯನ್ನು ಹುಟ್ಟಿಸುವ, ಹುಳಿಯಲ್ಲಿ ಬದುಕಬಲ್ಲ ಜೀವಿಗಳು ಹಲವುಂಟು. ಆದರೆ ಜೀವಿಗಳಿಲ್ಲದೆ ಹುಳುಕಿಲ್ಲವೆಂಬುದು ನಿಸ್ಸಂದೇಹ. ಅಮೆರಿಕದ ನೋತ್ರ್ ದಾಮ್ ವಿಶ್ವವಿದ್ಯಾಲಯದಲ್ಲಿ 1954ರ ಸುಮಾರಿಗೆ ಸೂಕ್ಷ್ಮಜೀವಿಗಳ ಸ್ಪರ್ಶವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಹಲ್ಲು ಕೆಡಿಸುವಂಥ ಸಿಹಿಯ ಆಹಾರವನ್ನೇ ತಿನ್ನಿಸಿದರು. ಒಂದಕ್ಕೂ ಹುಳುಕು ಬರಲಿಲ್ಲ.

ಹಲ್ಲಿನ ಹೊರಕವಚವಾದ ಎನಾಮಲ್ ಎಂಬುದು ನಮ್ಮ ಶರೀರದಲ್ಲೆಲ್ಲ ಅತ್ಯಂತ ಕಠಿಣವಾದ ವಸ್ತು. ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜವೇ. ಅಂಥದು ಹುಳಿಗೆ ಸೋಲುವುದು ಹೇಗೆಂದು ಕೇಳಬಹುದು. ಬೀದರದವರಿಗೆ ಇದನ್ನು ತಿಳಿಸುವುದು ಸುಲಭ. ನಮ್ಮ ಕೋಟೆಯನ್ನು ಕಟ್ಟಿದ ಕೆಂಪು ಜಂಬಿಟ್ಟಿಗೆ ಕಲ್ಲನ್ನು ನೋಡಿರಿ. ಅದು ಮೂಲದಲ್ಲಿ ಕರಿಯ ಗಟ್ಟಿ ಬಂಡೆ. ಯುಗಯುಗಗಳ ಮಳೆಯ ನೀರು ಒಳಗಿಳಿದು ಕರಗುವ ಅಂಶಗಳನ್ನೆಲ್ಲ ಕರಗಿಸಿ ಒಯ್ದಿತು. ಉಳಿದದ್ದು ತೂತು ತೂತಾದ ಕೆಂಪು ಕಲ್ಲು. ಹಲ್ಲಿನಲ್ಲಿಯೂ ಮೊದಲು ಮೇಲ್ಮೈ ಮುರಿಯುವುದಿಲ್ಲ. ಒಳಗಿನ ಖನಿಜ ಕರಗಿ ಸೀಮೆಸುಣ್ಣದ ಗುರುತಿನಂಥ ಬಿಳಿಯ ಮಚ್ಚೆಯೊಂದು ಕಾಣಿಸುತ್ತದೆ. ಬಂಡೆಗೂ ಹಲ್ಲಿಗೂ ಒಂದು ಶುಭಕರವಾದ ಭೇದವಿದೆ. ಕಲ್ಲಿಗೆ ಕಳೆದದ್ದು ಮರಳಿ ಬಾರದು. ಹಲ್ಲಿಗಾದರೋ ಜೊಲ್ಲು ತನ್ನಲ್ಲಿರುವ ಸುಣ್ಣದ ಅಂಶವನ್ನು ಮರಳಿ ತುಂಬುತ್ತಿರುತ್ತದೆ. ಬಿಳಿಯ ಮಚ್ಚೆಯ ಅವಸ್ಥೆಯಲ್ಲಿಯೇ ಎಚ್ಚತ್ತರೆ ಹಲ್ಲು ಗುಣವಾಗುತ್ತದೆ. ಗುಳಿ ಬಿದ್ದ ಮೇಲೆ ವೈದ್ಯನು ತುಂಬಬೇಕೇ ಹೊರತು ದೇಹವು ತುಂಬಲಾರದು.

ಸ್ಟೀಫನ್ ಎಂಬ ವಿಜ್ಞಾನಿಯು 1940ರ ದಶಕದಲ್ಲಿ ಈ ಕರಗುವಿಕೆಯನ್ನೂ ತುಂಬುವಿಕೆಯನ್ನೂ ಗಡಿಯಾರವಿಟ್ಟು ಅಳೆದನು. ಸಕ್ಕರೆಯ ನೀರು ಬಾಯಿಗೆ ತಾಗಿದ ಐದು ನಿಮಿಷದೊಳಗಾಗಿ ಪಾಚಿಯಲ್ಲಿ ಹುಳಿಯೇರಿ ಹಲ್ಲು ಕರಗುವ ಮಿತಿಯನ್ನು ದಾಟುತ್ತದೆ. ಜೊಲ್ಲು ಅದನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಈ ಲೆಕ್ಕವನ್ನು ನಮ್ಮ ದಿನಚರಿಗೆ ಹಚ್ಚಿ ನೋಡೋಣ. ಊಟದ ಸಂಗಡ ಒಂದು ಹೋಳಿಗೆಯನ್ನು ತಿಂದವನ ಹಲ್ಲಿಗೆ ಒಂದು ಸಲ ಹುಳಿಯೇರಿತು, ಇಳಿಯಿತು. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಆರು ಸಲ ಸಕ್ಕರೆಯ ಚಹಾ ಕುಡಿದವನ ಹಲ್ಲಿಗೆ ಆರು ಸಲ ಹುಳಿಯೇರಿತು. ಹೋಳಿಗೆಯಲ್ಲಿದ್ದ ಸಿಹಿ ಆ ಚಹಾದಲ್ಲಿದ್ದುದಕ್ಕಿಂತ ಹೆಚ್ಚಿರಬಹುದು. ಆದರೂ ಕೆಡುಕಾಗುವುದು ಎರಡನೆಯವನಿಗೇ. ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ 1945ರಿಂದ ನಡೆದ ಪ್ರಯೋಗವು ಇದನ್ನೇ ಸ್ಥಾಪಿಸಿತು: ಊಟದ ಜೊತೆಗಿನ ಸಿಹಿಗಿಂತ ಊಟಗಳ ನಡುವೆ ಮೇಲಿಂದ ಮೇಲೆ ತಿನ್ನುವ ಅಂಟಿನ ಮಿಠಾಯಿಯೇ ಹಲ್ಲಿಗೆ ಹೆಚ್ಚು ಹಾನಿಕರ. ಆ ಪ್ರಯೋಗವನ್ನು ಬುದ್ಧಿಮಾಂದ್ಯರ ಆಶ್ರಮದ ನಿವಾಸಿಗಳ ಮೇಲೆ, ಅವರ ಅನುಮತಿಯಿಲ್ಲದೆ ಮಾಡಿದರೆಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ನಾನು ಸತ್ಯಕ್ಕೆ ತಪ್ಪಿದಂತಾದೀತು. ಜ್ಞಾನವು ದೊರೆಯಿತು, ಅದನ್ನು ದೊರಕಿಸಿದ ರೀತಿ ಹೇಯವಾದುದು.

ಭಾಲ್ಕಿಯ ಸೀಮೆಯಲ್ಲಿ ಕಬ್ಬು ಬೆಳೆಯುವವರು ಅನೇಕರು ಇಲ್ಲಿದ್ದೀರಿ. ಹುಣಜಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೇ ಸ್ಥಾಪಿತವಾಯಿತು. ನಾನು ಕಬ್ಬಿನ ವೈರಿಯಲ್ಲ. ಆದರೆ ಸಕ್ಕರೆ ಕೆಟ್ಟದ್ದು, ಬೆಲ್ಲ ಹಲ್ಲಿಗೆ ಒಳ್ಳೆಯದು ಎಂದು ತಾಯಂದಿರು ಮಕ್ಕಳ ಕೈಗೆ ದಿನವಿಡೀ ಬೆಲ್ಲದ ಚೂರನ್ನು ಕೊಡುವುದುಂಟು. ಹಲ್ಲಿನ ಮೇಲಿನ ಜೀವಿಗೆ ಬೆಲ್ಲವೂ ಸಕ್ಕರೆಯೂ ಒಂದೇ. ಅಮರೇಶ್ವರನ ಜಾತ್ರೆಯಿಂದ ಔರಾದದವರು ತರುವ ಬೆಂಡು ಬತ್ತಾಸುಗಳನ್ನು ಮಗುವು ಊಟದ ಹೊತ್ತಿಗೆ ತಿಂದು ಮುಗಿಸಲಿ. ಮೂರು ದಿನ ಜೇಬಿನಲ್ಲಿಟ್ಟು ಚೀಪುವುದು ಬೇಡ.

ಇನ್ನು ಒಸಡಿನ ರೋಗಕ್ಕೆ ಬರುತ್ತೇನೆ. ಹುಳುಕಿಗಿಂತ ಇದು ಮೋಸದ್ದು. ಏತಕ್ಕೆಂದರೆ ಇದರಲ್ಲಿ ನೋವಿಲ್ಲ. ಹುಳುಕು ಹಲ್ಲು ರಾತ್ರಿ ನಿದ್ದೆಗೆಡಿಸಿ ವೈದ್ಯನ ಬಾಗಿಲಿಗೆ ನೂಕುತ್ತದೆ. ಒಸಡಿನ ರೋಗವು ಹತ್ತು ಹದಿನೈದು ವರುಷ ಸದ್ದಿಲ್ಲದೆ ಕೆಲಸ ಮಾಡಿ ಕಡೆಗೊಂದು ದಿನ ಹಲ್ಲನ್ನು ಕೈಯಲ್ಲಿಡುತ್ತದೆ.

ಇಲ್ಲಿಯೂ ಪಾಚಿಯೇ ಮೂಲ. ಅದು ಹಲ್ಲು ಒಸಡುಗಳು ಕೂಡುವ ಅಂಚಿನಲ್ಲಿ ನಿಂತರೆ ಅಲ್ಲಿಯ ಜೀವಿಗಳ ವಿಷಕ್ಕೆ ಒಸಡು ಕೆಂಪೇರಿ ಊದಿಕೊಳ್ಳುತ್ತದೆ. ಹಲ್ಲುಜ್ಜುವಾಗ ರಕ್ತ ಬರುತ್ತದೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹ್ಯಾರಾಲ್ಡ್ ಲೋ ಎಂಬ ಆಚಾರ್ಯನು 1965ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು. ಆರೋಗ್ಯವಾದ ಒಸಡುಗಳುಳ್ಳ 12 ಜನರು, ಬಹುಪಾಲು ದಂತವೈದ್ಯದ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ಪೂರಾ ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡುಗಳೂ ಕೆಟ್ಟವು. ಮತ್ತೆ ಉಜ್ಜಲಾರಂಭಿಸಿದ ಸುಮಾರು ಒಂದು ವಾರದಲ್ಲಿ ಎಲ್ಲವೂ ಸ್ವಸ್ಥವಾದವು. ಔಷಧಿಯಿಲ್ಲ, ಶಸ್ತ್ರವಿಲ್ಲ, ಪಾಚಿಯನ್ನು ತೆಗೆದದ್ದಷ್ಟೇ ಚಿಕಿತ್ಸೆ. ರಕ್ತ ಬರುತ್ತದೆಯೆಂದು ಆ ಭಾಗವನ್ನು ಮುಟ್ಟದೆ ಬಿಡುವವರನ್ನು ನಾನು ದಿನವೂ ಕಾಣುತ್ತೇನೆ. ರಕ್ತ ಬರುವುದು ಅಲ್ಲಿ ಶುಚಿ ಸಾಲದೆಂಬುದಕ್ಕೆ ಗುರುತು. ಅಲ್ಲಿಯೇ ಮೃದುವಾಗಿ, ಹೆಚ್ಚು ಶ್ರದ್ಧೆಯಿಂದ ಉಜ್ಜಬೇಕಾದದ್ದು.

ತೆಗೆಯದೆ ಬಿಟ್ಟ ಪಾಚಿಯು ಜೊಲ್ಲಿನ ಸುಣ್ಣವನ್ನು ಹೀರಿ ಕಲ್ಲಾಗುತ್ತದೆ. ಇದಕ್ಕೆ ಸುಶ್ರುತನಿಟ್ಟ ಹೆಸರು ದಂತಶರ್ಕರಾ. ಸಂಸ್ಕೃತದಲ್ಲಿ ಶರ್ಕರಾ ಎಂದರೆ ನೊರಜುಗಲ್ಲೂ ಹೌದು, ಸಕ್ಕರೆಯೂ ಹೌದು. ಎರಡೂ ಹಲ್ಲಿಗೆ ಶತ್ರುಗಳಾದದ್ದು ಭಾಷೆಯ ವಿನೋದವೆನ್ನಬೇಕು. ಕಲ್ಲು ಬ್ರಶ್ಶಿಗೆ ಜಗ್ಗದು. ಅದರ ಒರಟು ಮೈಮೇಲೆ ಹೊಸ ಪಾಚಿ ಕೂಡುತ್ತದೆ. ಒಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಚೀಲದಂತೆ ಒಂದು ಸಂದು ಬೀಳುತ್ತದೆ. ಗಾಳಿಯಾಡದ ಆ ಸಂದಿನಲ್ಲಿ ಬೇರೊಂದು ಜಾತಿಯ ಜೀವಿಗಳು ಹೆಚ್ಚುತ್ತವೆ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅವುಗಳೊಡನೆ ಹೋರಾಡಲು ದೇಹವು ಕಳುಹಿಸುವ ಸೈನ್ಯವೇ ಹಲ್ಲನ್ನು ಹಿಡಿದಿರುವ ಎಲುಬನ್ನು ಕರಗಿಸುತ್ತದೆ. ನೌಬಾದಿನ ಬಹಮನಿ ಕಾಲದ ಸುರಂಗ ಬಾವಿಯನ್ನು ನೋಡಿದವರಿಗೆ ಗೊತ್ತು: ಮೇಲಿನ ನೆಲ ಗಟ್ಟಿಯಾಗಿಯೇ ಕಾಣುತ್ತದೆ, ಹೂಳು ತುಂಬಿದ್ದು ಇಳಿದು ನೋಡಿದವನಿಗೇ ತಿಳಿಯುವುದು. ಈ ಕಲ್ಲನ್ನು ವೈದ್ಯನ ಉಪಕರಣದಿಂದಲೇ ತೆಗೆಯಿಸತಕ್ಕದ್ದು. ಕಲ್ಲು ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆ. ಸಡಿಲವಾದ ಹಲ್ಲನ್ನು ಆ ಕಲ್ಲೇ ತಾತ್ಕಾಲಿಕವಾಗಿ ಅಂಟಿಸಿ ಹಿಡಿದಿತ್ತು, ತೆಗೆದಾಗ ಸಡಿಲವು ಬಯಲಾಯಿತು, ಇಷ್ಟೇ ಅದರ ನಿಜ. ಹೋದ ಎಲುಬು ಬಹುಮಟ್ಟಿಗೆ ಹೋದಂತೆಯೇ, ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆಯುಳ್ಳವರಿಗೆ ಒಂದು ಮಾತು. ಆ ರೋಗವು ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಕೆಡುತ್ತದೆ; ಒಸಡಿನ ರೋಗವು ಬಲಿತರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ಎರಡೂ ಒಂದನ್ನೊಂದು ಎತ್ತಿಹಿಡಿಯುವ ಕಾಯಿಲೆಗಳು.

ಈಗ ಮಿಶ್ರಿಯ ಮಾತು. ಈ ವಿಷಯದಲ್ಲಿ ನಾನು ತಾಯಂದಿರ ಮನಸ್ಸಿಗೆ ನೋವಾದರೂ ಮುಚ್ಚುಮರೆಯಿಲ್ಲದೆ ಹೇಳುವವನಿದ್ದೇನೆ. ಮರಾಠಿ ಸೀಮೆಗೆ ಹೊಂದಿಕೊಂಡ ನಮ್ಮ ತಾಲ್ಲೂಕುಗಳಲ್ಲಿ ತಂಬಾಕನ್ನು ಹಂಚಿನ ಮೇಲೆ ಕರಿಯಾಗುವಂತೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ರೂಢಿ ಹೆಂಗಸರಲ್ಲಿ ಇದೆ. ಬೀಡಿ ಸೇದಿದರೆ ಲೋಕ ನಿಂದಿಸುತ್ತದೆ. ಮಿಶ್ರಿಯನ್ನು ಹಲ್ಲಿನ ಔಷಧಿಯೆಂದು ಮನ್ನಿಸುತ್ತದೆ. ಅದು ಹಲ್ಲುಪುಡಿಯಲ್ಲ, ತಂಬಾಕು. ಬೆಳಿಗ್ಗೆ ಒಂದು ಸಲ ಎಂದು ಆರಂಭವಾದದ್ದು ನಾಲ್ಕೈದು ಸಲಕ್ಕೆ ಬೆಳೆಯುವುದು, ಅದಿಲ್ಲದೆ ತಲೆನೋಯುವುದು, ಇವೇ ಅದಕ್ಕೆ ಸಾಕ್ಷಿ. ಒಸಡು ಅದರಿಂದ ಹಿಂದೆ ಸರಿಯುತ್ತದೆ, ಬೇರು ಬಯಲಾಗುತ್ತದೆ; ಬಾಯಿಯ ಅರ್ಬುದಕ್ಕೂ ಅದು ದಾರಿ. ಹಲ್ಲುನೋವು ಶಮನವಾಗುತ್ತದೆಯೆಂದು ಮೊದಲು ಹಚ್ಚಿದೆವೆಂದು ಅನೇಕರು ಹೇಳುತ್ತಾರೆ. ಅದು ಸುಳ್ಳಲ್ಲ, ತಂಬಾಕಿನ ಮಂಪರಿಗೆ ನೋವು ಕ್ಷಣಕಾಲ ಅಡಗುತ್ತದೆ, ರೋಗ ಮುಂದುವರಿಯುತ್ತದೆ. ಗುಟಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಆ ನಿಷೇಧವು ಎಷ್ಟು ಪಾಲಿತವಾಗಿದೆಯೆಂಬುದನ್ನು ಬಸ್ ನಿಲ್ದಾಣದ ಗೋಡೆಗಳೇ ಹೇಳುತ್ತವೆ. ಮಿಶ್ರಿಯನ್ನಾದರೋ ಮನೆಯಲ್ಲಿಯೇ ಹುರಿಯುತ್ತಾರೆ. ಅದಕ್ಕೆ ಯಾವ ಶಾಸನ ತಲುಪೀತು?

ಹಾಗಾದರೆ ಹಲ್ಲನ್ನು ಏತರಿಂದ ಉಜ್ಜಬೇಕು? ಬೇವಿನ ಕಡ್ಡಿಯನ್ನು ನಾನು ನಿಂದಿಸಲಾರೆ. ಅದರ ರಸಕ್ಕೆ ಕ್ರಿಮಿಗಳನ್ನು ತಡೆಯುವ ಗುಣವಿದೆ. ತುದಿಯನ್ನು ಜಗಿದು ಕುಂಚದಂತೆ ಮಾಡಿ ಸಾವಧಾನವಾಗಿ ಉಜ್ಜುವವನ ಹಲ್ಲು ಸ್ವಚ್ಛವಾಗಿಯೇ ಇರುತ್ತದೆ. ಆದರೆ ಹಲ್ಲಿನ ಒಳಮೈಗೂ ಹಿಂದಣ ದವಡೆಯ ಹಲ್ಲುಗಳಿಗೂ ಕಡ್ಡಿ ಚೆನ್ನಾಗಿ ತಲುಪದು, ಫ್ಲೋರೈಡೂ ಅದರಲ್ಲಿಲ್ಲ. ಮೆತ್ತನೆಯ ಬ್ರಶ್ಶು, ಫ್ಲೋರೈಡುಳ್ಳ ಪೇಸ್ಟು, ಎರಡು ನಿಮಿಷದ ಕಾಲ, ಇದಕ್ಕಿಂತ ಮಿಗಿಲಾದುದು ಬೇಕಿಲ್ಲ. ಮೂರು ವರುಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು, ಆರರವರೆಗೆ ಬಟಾಣಿಯಷ್ಟು. ಇಟ್ಟಿಗೆಯ ಪುಡಿ, ಇದ್ದಿಲು, ಮರಳುಪ್ಪು ಇವು ಪಾತ್ರೆಗೆ ತಕ್ಕವು; ಹಲ್ಲನ್ನು ಸವೆಯಿಸುತ್ತವೆ.

ಫ್ಲೋರೈಡಿನ ಹೆಸರೆತ್ತಿದಾಗ ಕೆಲವರಿಗೆ ಶಂಕೆ ಹುಟ್ಟುವುದುಂಟು. ಶಂಕೆಗೆ ಕಾರಣವೂ ಇದೆ. ನಮ್ಮ ಕಲ್ಯಾಣ ಕರ್ನಾಟಕದ ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ಅದು ಮಿತಿಮೀರಿ ಇರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿರುವ ನೀರನ್ನು ಎಳವೆಯಲ್ಲಿ ಕುಡಿದು ಬೆಳೆದವರ ಹಲ್ಲಿನ ಮೇಲೆ ಹಳದಿ ಕಂದು ಕಲೆಗಳು ಮೂಡುತ್ತವೆ. ಅದು ಕ್ರಿಮಿಯ ಕೆಲಸವಲ್ಲ. ಉಜ್ಜಿದರೆ ಹೋಗತಕ್ಕದ್ದೂ ಅಲ್ಲ. ಅಂಥ ಮಕ್ಕಳನ್ನು ಹಲ್ಲುಜ್ಜದವರೆಂದು ಶಾಲೆಯಲ್ಲಿ ಗದರಿಸುವುದು ಅನ್ಯಾಯ. ಅಲ್ಲಿ ಬೇಕಾದುದು ನೀರಿನ ಪರೀಕ್ಷೆ, ಬೇರೆ ನೀರು. ಉಗುಳಿಬಿಡುವ ಪೇಸ್ಟಿನಲ್ಲಿರುವ ಫ್ಲೋರೈಡು ಬೇರೆಯ ಮಾತು.

ಏತರಿಂದ ಎಂಬುದಕ್ಕಿಂತ ಯಾವಾಗ ಎಂಬುದೇ ಮುಖ್ಯ. ನಾವೆಲ್ಲರೂ ಬೆಳಿಗ್ಗೆ ಮುಖಮಾರ್ಜನ ಮಾಡುವವರೇ. ಅದನ್ನು ಮಾಡದೆ ಲಿಂಗಪೂಜೆಗೆ ಕೂಡುವವರಿಲ್ಲ. ಆದರೆ ರಾತ್ರಿ ಉಂಡು ಹಾಗೆಯೇ ಮಲಗುತ್ತೇವೆ. ದಿನಕ್ಕೆ ಅರ್ಧ ಲೀಟರಿಗೆ ಕಡಿಮೆಯಿಲ್ಲದೆ ಒಸರಿ ಹಲ್ಲನ್ನು ತೊಳೆಯುವ ಜೊಲ್ಲು ನಿದ್ರೆಯಲ್ಲಿ ಬಹುತೇಕ ನಿಂತುಬಿಡುತ್ತದೆ. ಕಾವಲುಗಾರನು ಮಲಗಿರುವ ಆ ಏಳೆಂಟು ತಾಸುಗಳೇ ಕ್ರಿಮಿಗಳಿಗೆ ಸುಗ್ಗಿ. ದಿನಕ್ಕೆ ಒಂದೇ ಸಲ ಉಜ್ಜುವುದಾದರೆ ಅದು ರಾತ್ರಿಯೇ ಆಗಲಿ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ. ಎರಡೂ ಹೊತ್ತು ಉಜ್ಜುವುದು ಉತ್ತಮ.

ಮಕ್ಕಳ ವಿಷಯವಾಗಿ ಎರಡು ಮಾತು. ಹಾಲುಹಲ್ಲು ಹೇಗೂ ಬೀಳತಕ್ಕದ್ದು, ಕೆಟ್ಟರೇನು ಎಂಬ ಉದಾಸೀನವು ಸಲ್ಲದು. ಆರನೆಯ ವರುಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದೇ ತಂದೆತಾಯಿಗಳು ಬಗೆಯುತ್ತಾರೆ. ಅದು ಸಾಯುವವರೆಗೆ ಬಾಳಬೇಕಾದ ಹಲ್ಲು. ನನ್ನ ಬಳಿ ಹತ್ತನೆಯ ವರುಷಕ್ಕೆ ಕೀಳಿಸಲು ಬರುವುದು ಬಹುತೇಕ ಅದೇ. ಎರಡನೆಯದು: ಹುಳುಕಿನ ಜೀವಿಗಳು ಮಗುವಿನೊಡನೆ ಹುಟ್ಟುವುದಿಲ್ಲ, ಬಹುಮಟ್ಟಿಗೆ ತಾಯಿಯ ಜೊಲ್ಲಿನಿಂದ ದಾಟುತ್ತವೆ. ಇದನ್ನು ಕೇಳಿ ಮಗುವನ್ನು ಮುದ್ದಿಸಲು ಅಂಜಬೇಕಾಗಿಲ್ಲ. ತುತ್ತನ್ನು ಜಗಿದು ಉಣಿಸುವುದನ್ನು ಬಿಟ್ಟು, ತಾಯಿಯು ತನ್ನ ಬಾಯಿಯನ್ನು ಮೊದಲು ಗುಣಪಡಿಸಿಕೊಂಡರೆ ಸಾಕು. ಸಿಹಿಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದಂತೂ ಬೇಡವೇ ಬೇಡ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಸೇರಿಸುತ್ತೇನೆ. ಹಲ್ಲುನೋವಿನ ಸಂಗಡ ದವಡೆಯ ಕೆಳಗೆ ಊತ ಬಂದು, ಬಾಯಿ ತೆರೆಯುವುದಕ್ಕೂ ನುಂಗುವುದಕ್ಕೂ ಕಷ್ಟವಾದರೆ, ಬಿಸಿ ಶಾಖ ಕೊಡುತ್ತ ಮನೆಯಲ್ಲಿ ಕುಳ್ಳಿರಬೇಡಿರಿ. ಅದು ಉಸಿರನ್ನೇ ಕಟ್ಟಿಸಬಹುದು. ಆ ಗಳಿಗೆಯೇ ಬೀದರದ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಇತರ ಚಿಕಿತ್ಸೆಗೆ ನೌಬಾದಿನಲ್ಲಿ ದಂತವೈದ್ಯದ ಕಾಲೇಜೇ ಇದೆ.

ಕಡೆಯದಾಗಿ ಶ್ರೀಮಠದಲ್ಲಿ ಒಂದು ಬಿನ್ನಹ. ನಿಜಾಮನ ಆಳಿಕೆಯಲ್ಲಿ ಕನ್ನಡ ಕಲಿಸುವುದೇ ಕಠಿಣವಾಗಿದ್ದಾಗ ಭಾಲ್ಕಿಯ ಹಿರೇಮಠದ ಪೂಜ್ಯ ಡಾಕ್ಟರ್ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ನೂರು ವರುಷಗಳನ್ನು ಮೀರಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಆ ಮಹನೀಯರನ್ನು ಕಂಡವರು ಈ ಸಭೆಯಲ್ಲಿ ಅನೇಕರಿದ್ದೀರಿ. ಸರಕಾರದ ಆಜ್ಞೆಯಿಂದ ಆಗದ ಕೆಲಸವು ಮಠದ ರೂಢಿಯಿಂದ ಆದೀತೆಂಬುದಕ್ಕೆ ಈ ನಾಡಿನಲ್ಲಿ ಬೇರೆ ದೃಷ್ಟಾಂತ ಬೇಕಿಲ್ಲ. ಶ್ರೀಮಠದ ಪ್ರಸಾದ ನಿಲಯದಲ್ಲಿ ಮಕ್ಕಳು ರಾತ್ರಿಯ ಪ್ರಾರ್ಥನೆಯಾದ ಕೂಡಲೆ ಮಲಗಲು ಹೋಗುತ್ತಾರೆ. ಪ್ರಾರ್ಥನೆಗೂ ಹಾಸಿಗೆಗೂ ನಡುವೆ ಎರಡು ನಿಮಿಷ ದೊರಕಿಸಿಕೊಡಬೇಕು. ನಿಲಯದ ಹಿಂದಣ ಕಟ್ಟೆಗೆ ಇನ್ನು ನಾಲ್ಕು ನಳಗಳೂ ಒಂದು ದೀಪವೂ ಒಂದು ಉದ್ದನೆಯ ಕನ್ನಡಿಯೂ ಬೇಕಾಗುತ್ತವೆ. ಕನ್ನಡಿಯ ಖರ್ಚು ನನ್ನದಾಗಿರಲಿ. ಹಿರಿಯ ಹುಡುಗನೊಬ್ಬನು ಕಿರಿಯರಿಬ್ಬರ ಬಾಯಿಯನ್ನು ನೋಡಿಕೊಳ್ಳುವ ಏರ್ಪಾಡಾದರೆ ಇನ್ನೂ ಒಳ್ಳೆಯದು.

ನಾಳೆ ಬೆಳಿಗ್ಗೆ ಪೂಜೆಯ ತರುವಾಯ ಇದೇ ಮಂಟಪದ ಪಡುವಣ ಮೂಲೆಯಲ್ಲಿ ನಾನೂ ನನ್ನ ಇಬ್ಬರು ಕಿರಿಯ ವೈದ್ಯರೂ ಕುಳಿತಿರುತ್ತೇವೆ. ನಿಲಯದ ಮಕ್ಕಳನ್ನು ಮೊದಲು ಕಳುಹಿಸಿರಿ. ತಾಯಂದಿರು ಬರುವಾಗ ತಮ್ಮ ಮಿಶ್ರಿಯ ಡಬ್ಬಿಗಳನ್ನೂ ತರಬೇಕೆಂದು ಕೇಳಿಕೊಳ್ಳುತ್ತೇನೆ. ಈ ಸಲ ನಾನು ಕೇಳದೆ ಬಿಡುವುದಿಲ್ಲ.